ಹಿಟ್ಟಿಗೆ ಮರ್ಯಾದೆಯುಂಟು, ಮಾತ್ರೆಗೂ ಉಂಟು

(ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಪರಿಸರದ ಕನ್ನಡ ಜೈನ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶ್ರಾವಕರ ಅಡುಗೆಮನೆಗೆ ಒಂದು ಹಳೆಯ ಶಿಸ್ತಿದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಮರ್ಯಾದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಕಣ್ಣಿಗೆ ಕೆಡದಂತೆ ಕಂಡರೂ ಅವಧಿ ಮೀರಿದ ಪದಾರ್ಥ ಸೇವನೆಗೆ ಯೋಗ್ಯವಲ್ಲ, ಮತ್ತು ಆ ಅವಧಿ ತೇವ ಹೆಚ್ಚಿದಂತೆ ಕಿರಿದಾಗುತ್ತದೆ ಎಂಬ ಸೂಕ್ಷ್ಮ ತಿಳಿವಳಿಕೆ ಈ ನಿಯಮದ ಹಿಂದಿದೆ. ಮೂಡಬಿದಿರೆ, ಕಾರ್ಕಳ, ವೇಣೂರಿನ ಕಡೆಯಿಂದಲೋ ಬೆಳಗಾವಿ, ಹುಬ್ಬಳ್ಳಿಯ ಕಡೆಯಿಂದಲೋ ಬಂದು ಇಲ್ಲಿ ಮನೆ ಹೂಡಿದ ಎಷ್ಟೋ ಕುಟುಂಬಗಳಲ್ಲಿ ಹಿರಿಯರು ಇಂದಿಗೂ ಈ ಮರ್ಯಾದೆಯನ್ನು ಪಾಲಿಸುತ್ತಾರೆ.

ಅದೇ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಬಹುತೇಕ ಒಂದು ಡಬ್ಬಿಯೂ ಇರುತ್ತದೆ. ಕಳೆದ ವರ್ಷದ ಜ್ವರಕ್ಕೆ ತಂದ ಮಾತ್ರೆಗಳಲ್ಲಿ ಉಳಿದ ನಾಲ್ಕು, ಹಲ್ಲು ಕೀಳಿಸಿದಾಗ ತಂದ ಆರು, ಮಗುವಿನ ಕೆಮ್ಮಿಗೆ ತಂದ ಅರ್ಧ ಬಾಟಲಿ ಔಷಧ, ಹೆಸರಿನ ಭಾಗ ಕತ್ತರಿಸಿಹೋದ ಒಂದು ತುಂಡು ಸ್ಟ್ರಿಪ್. ಮೂರು ದಿನದ ಹಿಟ್ಟನ್ನು ಬಿಡುವ ಮನೆಯಲ್ಲಿ ಮೂರು ವರ್ಷದ ಆಂಟಿಬಯಾಟಿಕ್, ಅಂದರೆ ಪ್ರತಿಜೀವಕ ಔಷಧ, ನಿಶ್ಚಿಂತೆಯಿಂದ ಕುಳಿತಿರುತ್ತದೆ. ಯಾರಿಗಾದರೂ ಗಂಟಲು ಕೆರೆದಾಗ ಆ ಡಬ್ಬಿ ಕೆಳಗಿಳಿಯುತ್ತದೆ.

ಈ ಉಪನ್ಯಾಸದ ವಿಷಯ ಆ ಡಬ್ಬಿ. ಅವಧಿ ಮೀರಿದ ಪ್ರತಿಜೀವಕವನ್ನು ಸೇವಿಸುವುದು ಅಪಾಯಕರ; ಅದನ್ನು ಕೂಡಿಡುವುದು ಮಿತವ್ಯಯವಲ್ಲ; ಅದನ್ನು ಇನ್ನೊಬ್ಬರಿಗೆ ಕೊಡುವುದು ಔಷಧದಾನವಲ್ಲ. ಈ ಮೂರು ಮಾತುಗಳನ್ನು ಕಾರಣಸಹಿತವಾಗಿ ವಿವರಿಸುವುದೇ ಇಲ್ಲಿಯ ಉದ್ದೇಶ.

ಡಬ್ಬಿ ತುಂಬುವ ಬಗೆ

ಮೊದಲು ಕೇಳಬೇಕಾದ ಪ್ರಶ್ನೆ: ಪ್ರತಿಜೀವಕ ಉಳಿಯುವುದಾದರೂ ಹೇಗೆ? ತಲೆನೋವಿನ ಮಾತ್ರೆ ಉಳಿಯುವುದು ಸಹಜ, ನೋವು ನಿಂತೊಡನೆ ಅದರ ಕೆಲಸ ಮುಗಿಯಿತು. ಪ್ರತಿಜೀವಕದ ಸ್ವಭಾವ ಬೇರೆ. ಇಂತಿಷ್ಟು ದಿನ, ದಿನಕ್ಕೆ ಇಂತಿಷ್ಟು ಬಾರಿ ಎಂದು ಎಣಿಸಿಯೇ ವೈದ್ಯರು ಅದನ್ನು ಬರೆದಿರುತ್ತಾರೆ. ಎಣಿಸಿ ಕೊಟ್ಟ ಔಷಧ ಉಳಿದಿದೆಯೆಂದರೆ ಸಾಮಾನ್ಯವಾಗಿ ಚಿಕಿತ್ಸೆ ಅರ್ಧಕ್ಕೆ ನಿಂತಿದೆ ಎಂದೇ ಅರ್ಥ. ಡಬ್ಬಿಯಲ್ಲಿರುವ ಪ್ರತಿಯೊಂದು ಮಾತ್ರೆಯ ಹಿಂದೆಯೂ ಒಂದು ತಪ್ಪಿದ ಹೊತ್ತಿದೆ.

ಹೊತ್ತು ತಪ್ಪಲು ಎಲ್ಲ ಮನೆಗಳಲ್ಲೂ ಇರುವ ಕಾರಣಗಳಿವೆ. ಜ್ವರ ಎರಡನೆಯ ದಿನವೇ ಇಳಿಯಿತು, ಹೊಟ್ಟೆ ತೊಳಸಿತು, ಬೆಳಿಗ್ಗೆ 6 ಗಂಟೆಯ ಲೋಕಲ್ ಹಿಡಿಯುವ ಅವಸರದಲ್ಲಿ ಮರೆಯಿತು. ಜೈನ ಮನೆಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಆ ಬಗ್ಗೆ ಸಭೆಗಳಲ್ಲಿ ಮಾತಾಗುವುದು ಕಡಿಮೆ. ರಾತ್ರಿಭೋಜನ ತ್ಯಾಗದ ವ್ರತವಿರುವವರು ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದಿರಬಹುದು. ದಶಲಕ್ಷಣ ಪರ್ವದಲ್ಲಿ ಉಪವಾಸ, ಏಕಭುಕ್ತಗಳಿರುತ್ತವೆ. ವೈದ್ಯರು ದಿನಕ್ಕೆ ಮೂರು ಬಾರಿ ಎಂದು ಬರೆದರೆ, ಹೆಚ್ಚುಕಡಿಮೆ ಎಂಟು ಗಂಟೆಗೊಮ್ಮೆ ಎಂಬುದು ಅದರ ಅಭಿಪ್ರಾಯ. ವ್ರತಸ್ಥರು ರಾತ್ರಿಯ ಮಾತ್ರೆಯನ್ನು ಬಿಡುತ್ತಾರೆ, ವೈದ್ಯರಿಗೆ ಹೇಳುವುದಿಲ್ಲ. ಐದು ದಿನಗಳ ಚಿಕಿತ್ಸೆಯಲ್ಲಿ ಐದು ಮಾತ್ರೆ ಉಳಿಯುತ್ತದೆ. ಅದು ಡಬ್ಬಿ ಸೇರುತ್ತದೆ.

ಇದಕ್ಕೆ ಪರಿಹಾರ ವ್ರತಭಂಗವೂ ಅಲ್ಲ, ಮೌನವೂ ಅಲ್ಲ. ಔಷಧ ಬರೆಸಿಕೊಳ್ಳುವಾಗಲೇ ‘ಸೂರ್ಯಾಸ್ತದ ಮೇಲೆ ಸೇವನೆ ಇಲ್ಲ’ ಎಂದು ವೈದ್ಯರಿಗೆ ತಿಳಿಸಬೇಕು. ದಿನಕ್ಕೊಮ್ಮೆ ಸೇವಿಸುವ ಪ್ರತಿಜೀವಕಗಳಿವೆ, ಹನ್ನೆರಡು ಗಂಟೆಗೊಮ್ಮೆ ಸೇವಿಸುವವೂ ಇವೆ. ರೋಗಕ್ಕೆ ಹೊಂದುವುದಾದರೆ ವೈದ್ಯರು ಅಂಥದನ್ನು ಆರಿಸಬಲ್ಲರು. ಹೊಂದದಿದ್ದಾಗ ಏನು ಮಾಡಬೇಕೆಂಬುದನ್ನು ಮನೆಯ ಹಿರಿಯರು ಗುರುಗಳೊಡನೆ ಮೊದಲೇ ವಿಚಾರಿಸಿಕೊಳ್ಳಬೇಕು; ಉತ್ಸರ್ಗಮಾರ್ಗದ ಜೊತೆಗೆ ಅಪವಾದಮಾರ್ಗವನ್ನೂ ಜೈನ ಆಚಾರಶಾಸ್ತ್ರ ಬಲ್ಲುದು. ಕ್ಯಾಪ್ಸೂಲಿನ ಹೊದಿಕೆಯ ವಿಷಯವೂ ಹೀಗೆಯೇ. ಜೆಲಟಿನ್ ಪ್ರಾಣಿಜನ್ಯವೆಂದು ಕೆಲವರು ಹೊದಿಕೆ ಬಿಚ್ಚಿ ಪುಡಿಯನ್ನಷ್ಟೇ ಸೇವಿಸುತ್ತಾರೆ, ಕೆಲವರು ಔಷಧವನ್ನೇ ಬಿಡುತ್ತಾರೆ. ಮಾತ್ರೆಯ ರೂಪದಲ್ಲಿ ಸಿಗುವುದೇ ಎಂದು ಒಂದು ಮಾತು ಕೇಳಿದರೆ ಎರಡೂ ತಪ್ಪುತ್ತವೆ.

ಮುದ್ರಿತ ದಿನಾಂಕದ ಅರ್ಥ

ಭಾರತದ ಔಷಧ ನಿಯಮಗಳಂತೆ ಸ್ಟ್ರಿಪ್ಪಿನ ಮೇಲೆ ತಿಂಗಳು ಮತ್ತು ವರ್ಷ ಮಾತ್ರ ಮುದ್ರಿತವಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಔಷಧ ಬಳಸಬಹುದು. ಲೇಬಲ್ಲಿನಲ್ಲಿ ಹೇಳಿದ ತಾಪಮಾನದಲ್ಲಿ, ಮೂಲ ಪೊಟ್ಟಣದಲ್ಲಿಯೇ ಇಟ್ಟರೆ ಅಲ್ಲಿಯವರೆಗೆ ಔಷಧದ ಶಕ್ತಿ ಮತ್ತು ಶುದ್ಧತೆ ನಿಗದಿತ ಮಟ್ಟದಲ್ಲಿರುತ್ತದೆ ಎಂಬುದು ತಯಾರಕರ ಭರವಸೆ. ಮರುದಿನ ಬೆಳಿಗ್ಗೆ ಅದು ವಿಷವಾಗುತ್ತದೆಂದು ಇದರ ಅರ್ಥವಲ್ಲ. ಆ ದಿನದ ನಂತರ ಯಾರ ಭರವಸೆಯೂ ಇಲ್ಲ ಎಂದಷ್ಟೇ ಅರ್ಥ.

‘ಅವಧಿ ಎನ್ನುವುದು ಕಂಪೆನಿಗಳ ವ್ಯಾಪಾರದ ತಂತ್ರ, ಅಮೆರಿಕದ ಸೈನ್ಯವೇ ಹಳೆಯ ಔಷಧ ಬಳಸುತ್ತದೆ’ ಎಂಬ ವಾದ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ರಕ್ಷಣಾ ಇಲಾಖೆ ತನ್ನ ಔಷಧ ದಾಸ್ತಾನಿಗಾಗಿ 1986ರಲ್ಲಿ ಒಂದು ಪರೀಕ್ಷಾ ಕಾರ್ಯಕ್ರಮ ಆರಂಭಿಸಿತು. 2006ರಲ್ಲಿ ಪ್ರಕಟವಾದ ಅದರ ವಿವರದಂತೆ 122 ಬಗೆಯ ಔಷಧಗಳ 3005 ತಂಡಗಳನ್ನು ಪರೀಕ್ಷಿಸಲಾಗಿತ್ತು; ಅವುಗಳಲ್ಲಿ ಶೇ. 88ರಷ್ಟರ ಅವಧಿಯನ್ನು ಕನಿಷ್ಠ ಒಂದು ವರ್ಷ ವಿಸ್ತರಿಸಲು ಸಾಧ್ಯವಾಯಿತು. ಆದರೆ ಅವು ಮೂಲ ಪೊಟ್ಟಣ ತೆರೆಯದೆ, ನಿಯಂತ್ರಿತ ತಾಪಮಾನದ ಉಗ್ರಾಣದಲ್ಲಿಟ್ಟ ಔಷಧಗಳು. ಪ್ರತಿಯೊಂದು ತಂಡವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನಂತರವೇ ಅವಧಿ ವಿಸ್ತರಿಸಲಾಯಿತು. ಒಂದೇ ಔಷಧದ ಬೇರೆ ಬೇರೆ ತಂಡಗಳ ಬಾಳಿಕೆಯಲ್ಲಿ ಬಹಳ ವ್ಯತ್ಯಾಸವಿತ್ತು. ಡೊಂಬಿವಲಿಯ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಮೇಲಿನ ಕಪಾಟು ಅಂಥ ಉಗ್ರಾಣವಲ್ಲ. ಯಾವ ಸ್ಟ್ರಿಪ್ ತಡೆದಿದೆ, ಯಾವುದು ಕೆಟ್ಟಿದೆ ಎಂದು ಹೇಳುವ ಪ್ರಯೋಗಾಲಯ ಯಾವ ಮನೆಯಲ್ಲಿಯೂ ಇಲ್ಲ.

ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಖಾಡಿಯ ಅಂಚಿನ ಈ ಊರುಗಳಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಆ ತೇವ ಔಷಧವನ್ನೂ ಬಿಡುವುದಿಲ್ಲ. ಅಮಾಕ್ಸಿಸಿಲಿನ್ ಜೊತೆ ಸೇರಿಸಿ ಕೊಡುವ ಕ್ಲಾವುಲಾನಿಕ್ ಆಮ್ಲಕ್ಕೆ ತೇವವೆಂದರೆ ಆಗದು; ಅದಕ್ಕೆಂದೇ ಆ ಮಾತ್ರೆಗಳನ್ನು ಎರಡೂ ಬದಿ ಅಲ್ಯೂಮಿನಿಯಂ ಇರುವ ಹಾಳೆಯಲ್ಲಿ ಮುಚ್ಚಿರುತ್ತಾರೆ. ಹಾಳೆ ಹರಿದು ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಿದರೆ ಮುದ್ರಿತ ದಿನಾಂಕಕ್ಕೆ ಬೆಲೆಯಿಲ್ಲ.

ಮಕ್ಕಳ ಔಷಧದಲ್ಲಿ ಇನ್ನೊಂದು ತಪ್ಪು ಕಲ್ಪನೆಯಿದೆ. ಪ್ರತಿಜೀವಕದ ಪುಡಿಯಿರುವ ಬಾಟಲಿಯ ಮೇಲೆ ಎರಡು ವರ್ಷ ಮುಂದಿನ ದಿನಾಂಕವಿರಬಹುದು. ಅದು ಒಣ ಪುಡಿಗೆ ಅನ್ವಯಿಸುವ ದಿನಾಂಕ. ನೀರು ಬೆರೆಸಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲದ ದ್ರವವನ್ನು ಶೀತಪೆಟ್ಟಿಗೆಯಲ್ಲಿಟ್ಟರೂ ಸಾಮಾನ್ಯವಾಗಿ 7 ದಿನಗಳಲ್ಲಿ ಮುಗಿಸಬೇಕು. ಉಳಿದುದನ್ನು ಮುಂದಿನ ಜ್ವರಕ್ಕೆ ಎತ್ತಿಡುವಂತಿಲ್ಲ. ಹಿಟ್ಟಿಗೆ ನೀರು ಬಿದ್ದ ಮೇಲೆ ಅದರ ಮರ್ಯಾದೆ ಬೇರೆಯೆಂದು ತಿಳಿದ ತಾಯಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಪಾಯ ಎಲ್ಲಿದೆ

ಕೆಡುವ ಔಷಧ ವಿಷವಾದ ಪ್ರಸಂಗವೂ ವೈದ್ಯಕೀಯ ಇತಿಹಾಸದಲ್ಲಿದೆ. 1963ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ, ಹಳತಾಗಿ ಕೆಟ್ಟ ಟೆಟ್ರಾಸೈಕ್ಲಿನ್ ಸೇವಿಸಿದ ರೋಗಿಗಳ ವರದಿ ಪ್ರಕಟವಾಯಿತು. ಅವರ ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳು ಹಾನಿಗೊಂಡು ದೇಹಕ್ಕೆ ಬೇಕಾದ ಸಕ್ಕರೆ, ಅಮೈನೊ ಆಮ್ಲಗಳು ಮೂತ್ರದಲ್ಲಿ ಸೋರಿಹೋಗುತ್ತಿದ್ದವು. ಔಷಧ ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ಆ ಕಾಲದ ತಯಾರಿಕೆಯಲ್ಲಿ ಬಳಸುತ್ತಿದ್ದ ಸಿಟ್ರಿಕ್ ಆಮ್ಲವೂ ವಿಘಟನೆಗೆ ಕಾರಣವೆಂದು ತಿಳಿದು, ಮುಂದೆ ತಯಾರಿಕೆಯ ಕ್ರಮ ಬದಲಾಯಿತು. ಆದುದರಿಂದ ಇಂದಿನ ಎಲ್ಲ ಪ್ರತಿಜೀವಕಗಳೂ ಅವಧಿ ಮೀರಿದೊಡನೆ ಮೂತ್ರಪಿಂಡ ಕೆಡಿಸುತ್ತವೆಂದು ಹೆದರಿಸುವುದು ಸರಿಯಲ್ಲ. ಆದರೂ ಟೆಟ್ರಾಸೈಕ್ಲಿನ್ ವರ್ಗದ ಹಳೆಯ ಔಷಧವನ್ನು ಮುಟ್ಟಬಾರದೆಂಬ ಎಚ್ಚರಿಕೆ ಉಳಿದಿದೆ.

ಈ ಎಚ್ಚರಿಕೆ ಇಲ್ಲಿಯವರಿಗೆ ವಿಶೇಷವಾಗಿ ಸಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿಯಿತು, ಉಲ್ಹಾಸ ನದಿ ಉಕ್ಕಿ ಬದಲಾಪುರ, ಕಲ್ಯಾಣದ ಕಡೆಯ ತಗ್ಗು ಪ್ರದೇಶಗಳು ಮುಳುಗಿದವು. ನೀರು ಇಳಿದ ಮೇಲೆ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ತಲೆಯೆತ್ತಿತು. ಅಂದಿನಿಂದ ಪ್ರತಿ ಮಳೆಗಾಲದಲ್ಲಿಯೂ ಕೊಚ್ಚೆನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕು, ಅವರ ಸಲಹೆಯಂತೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬೇಕು ಎಂಬ ಪ್ರಕಟಣೆ ಈ ಭಾಗದವರಿಗೆ ಪರಿಚಿತ. ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ವರ್ಗಕ್ಕೇ ಸೇರಿದ್ದು. ಒಂದು ಮಳೆಗಾಲದಲ್ಲಿ ಉಳಿದುದನ್ನು ಇನ್ನೊಂದು ಮಳೆಗಾಲದ ಪ್ರವಾಹಕ್ಕೆಂದು ತೆಗೆದಿಡುವ ಮನೆಗಳಿವೆ. ಅವಧಿ ಮೀರಿದ ಆ ಮಾತ್ರೆ ನುಂಗಿ, ರಕ್ಷಣೆ ದೊರೆಯಿತೆಂದು ನಂಬಿ ಜ್ವರ ಬಂದರೂ ವೈದ್ಯರ ಬಳಿಗೆ ಹೋಗದಿದ್ದರೆ ಯಕೃತ್ತು, ಮೂತ್ರಪಿಂಡಗಳಿಗೆ ಕುತ್ತು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಕೊಡುವುದಿಲ್ಲ ಎಂಬುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಆದರೂ ವಿಷವಾಗುವುದಕ್ಕಿಂತ ದೊಡ್ಡ ಅಪಾಯ ಶಕ್ತಿಗುಂದುವುದು. ಪೂರ್ಣಶಕ್ತಿಯ ಔಷಧ ರೋಗಾಣುಗಳನ್ನು ಕೊಲ್ಲುತ್ತದೆ. ಕುಂದಿದ ಔಷಧ ದುರ್ಬಲ ಅಣುಗಳನ್ನು ಮಾತ್ರ ಕೊಂದು ಬಲಿಷ್ಠವಾದವನ್ನು ಉಳಿಸುತ್ತದೆ. ಉಳಿದವು ಸಂತತಿ ಬೆಳೆಸುತ್ತವೆ. ಡಬ್ಬಿಯಲ್ಲಿರುವುದು ನಾಲ್ಕೇ ಮಾತ್ರೆಯಾದ್ದರಿಂದ ಪ್ರಮಾಣವೂ ಕಡಿಮೆ, ದಿನಗಳೂ ಕಡಿಮೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ನೊಬೆಲ್ ಉಪನ್ಯಾಸ ನೀಡುವಾಗಲೇ ಈ ಅಪಾಯವನ್ನು ಸೂಚಿಸಿದ್ದರು: ತಿಳಿಯದ ಮನುಷ್ಯ ತಾನೇ ಔಷಧ ಕೊಂಡು, ಕಡಿಮೆ ಪ್ರಮಾಣ ಸೇವಿಸಿ, ರೋಗಾಣುಗಳಿಗೆ ಔಷಧವನ್ನು ಎದುರಿಸುವ ಪಾಠ ಕಲಿಸುತ್ತಾನೆ, ಆ ರೋಗಾಣು ಮನೆಯ ಇನ್ನೊಬ್ಬರಿಗೆ ಹರಡಿದಾಗ ಔಷಧ ಕೆಲಸ ಮಾಡುವುದಿಲ್ಲ. ಎಂಬತ್ತು ವರ್ಷಗಳಲ್ಲಿ ಆ ಮಾತು ನಿಜವಾಗಿದೆ. ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾಗಳ ಸೋಂಕು 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಸಾವುಗಳಿಗೆ ನೇರ ಕಾರಣವಾಯಿತೆಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ಮೂರನೆಯ ಅಪಾಯ ತಪ್ಪು ರೋಗಕ್ಕೆ ತಪ್ಪು ಔಷಧ. ನೆಗಡಿ, ಫ್ಲೂ, ಡೆಂಗೆ ವೈರಸ್‌ನಿಂದ ಬರುವಂಥವು. ಪ್ರತಿಜೀವಕ ಅವಧಿಯೊಳಗಿನದಾದರೂ ಅವುಗಳಿಗೆ ನಿರುಪಯುಕ್ತ. ಮಳೆಗಾಲದ ಜ್ವರದಲ್ಲಿ ಡೆಂಗೆ ಯಾವುದು, ಮಲೇರಿಯಾ ಯಾವುದು, ಇಲಿಜ್ವರ ಯಾವುದು, ಟೈಫಾಯ್ಡ್ ಯಾವುದು ಎಂದು ರಕ್ತಪರೀಕ್ಷೆಯಿಲ್ಲದೆ ಹೇಳಲು ಅನುಭವಿ ವೈದ್ಯರಿಗೂ ಕಷ್ಟ. ಪರೀಕ್ಷೆಗೆ ಮೊದಲೇ ಡಬ್ಬಿಯ ಎರಡು ಮಾತ್ರೆ ನುಂಗಿದ್ದರೆ ರಕ್ತದ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ಆಗ ಯಾವ ಔಷಧ ನಾಟುತ್ತದೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ಟೈಫಾಯ್ಡ್ ಈ ನಗರಗಳಿಗೆ ಹೊಸದಲ್ಲ. ನವಿಮುಂಬಯಿ ಮಹಾನಗರಪಾಲಿಕೆ 2018ರಲ್ಲಿ 9 ತಿಂಗಳಿನಿಂದ 14 ವರ್ಷದವರೆಗಿನ ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯ ಅಭಿಯಾನ ನಡೆಸಿ, ಮೊದಲ ಹಂತದಲ್ಲಿಯೇ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಿತು. ಸಾರ್ವಜನಿಕ ವ್ಯವಸ್ಥೆಯಲ್ಲಿ ಆ ಲಸಿಕೆಯನ್ನು ಹಾಗೆ ಬಳಸಿದುದು ಜಗತ್ತಿನಲ್ಲಿಯೇ ಮೊದಲು. ಹಳೆಯ ಔಷಧಗಳಿಗೆ ಟೈಫಾಯ್ಡ್ ಮಣಿಯದಿರುವುದು ಇಂಥ ಪ್ರಯತ್ನದ ಅಗತ್ಯವನ್ನು ಹೆಚ್ಚಿಸಿದ ಕಾರಣಗಳಲ್ಲೊಂದು.

ಕ್ಷಯದ ವಿಷಯ ಇನ್ನೂ ಗಂಭೀರ. ಡಬ್ಬಿಯಲ್ಲಿ ಸಿಗುವ ಲೆವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್‌ನಂತಹ ಔಷಧಗಳು ಕ್ಷಯದ ರೋಗಾಣುವನ್ನು ತಾತ್ಕಾಲಿಕವಾಗಿ ಅಡಗಿಸಬಲ್ಲವು. ವಾರಗಟ್ಟಲೆ ಬಿಡದ ಕೆಮ್ಮಿಗೆ ನಾಲ್ಕು ದಿನ ಅದನ್ನು ನುಂಗಿದರೆ ಕೆಮ್ಮು ಇಳಿದಂತೆ ತೋರುತ್ತದೆ, ರೋಗನಿರ್ಣಯ ಮುಂದೆ ಹೋಗುತ್ತದೆ, ರೋಗಾಣು ಗಟ್ಟಿಯಾಗುತ್ತದೆ, ಅಷ್ಟರಲ್ಲಿ ಮನೆಯವರಿಗೂ ಲೋಕಲ್ ರೈಲಿನ ಸಹಪ್ರಯಾಣಿಕರಿಗೂ ಸೋಂಕು ತಗಲಬಹುದು. 2011ರ ಕೊನೆಯಲ್ಲಿ ಮುಂಬಯಿಯ ಹಿಂದುಜಾ ಆಸ್ಪತ್ರೆಯ ವೈದ್ಯರು, ಪರೀಕ್ಷಿಸಿದ ಯಾವ ಔಷಧಕ್ಕೂ ಮಣಿಯದ ಕ್ಷಯವನ್ನು ನಾಲ್ವರು ರೋಗಿಗಳಲ್ಲಿ ಕಂಡ ವರದಿ ಪ್ರಕಟಿಸಿದರು. ಕಲ್ಯಾಣದಿಂದಲೂ ವಾಶಿಯಿಂದಲೂ ದಿನವೂ ಸಾವಿರಾರು ಜನ ಹೋಗಿಬರುವ ಮಹಾನಗರದ ಮಾತು ಅದು.

ಔಷಧದಾನದ ಹೆಸರಿನಲ್ಲಿ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಜೈನರು ಕೊಟ್ಟ ಸ್ಥಾನ ದೊಡ್ಡದು. ಔಷಧಶಾಸ್ತ್ರಕ್ಕೆ ಅವರು ಸಲ್ಲಿಸಿದ ಸೇವೆಯೂ ದೊಡ್ಡದು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ದಲ್ಲಿ ಮಾಂಸ, ಮದ್ಯಗಳಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದರು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. 14ನೆಯ ಶತಮಾನದ ಜೈನ ಕವಿ ಮಂಗರಾಜ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತೇ ‘ಖಗೇಂದ್ರಮಣಿದರ್ಪಣ’ವೆಂಬ ಕನ್ನಡ ಗ್ರಂಥ ರಚಿಸಿದ. ಯಾವುದು ಮದ್ದು, ಯಾವುದು ವಿಷ ಎಂದು ಇಷ್ಟು ಎಚ್ಚರದಿಂದ ವಿಚಾರಿಸಿದ ಪರಂಪರೆಯ ವಾರಸುದಾರರು ದಿನಾಂಕ ಓದದೆ ಔಷಧ ಹಂಚುವುದು ಶೋಭೆಯಲ್ಲ.

‘ಮದ್ದು ಹಳತಾದಷ್ಟೂ ಗುಣ ಹೆಚ್ಚು’ ಎನ್ನುವವರು ಶಾಸ್ತ್ರವನ್ನೇ ಪೂರ್ತಿ ಓದಬೇಕು. ಆಯುರ್ವೇದದ ‘ಶಾರ್ಙ್ಗಧರ ಸಂಹಿತೆ’ ಚೂರ್ಣಕ್ಕೆ ಎರಡು ತಿಂಗಳು, ಗುಟಿಕೆ ಮತ್ತು ಲೇಹ್ಯಗಳಿಗೆ ಒಂದು ವರ್ಷವೆಂದು ಅವಧಿ ಹೇಳಿ, ಬಳಿಕ ಅವು ಹೀನವೀರ್ಯವಾಗುತ್ತವೆ ಎನ್ನುತ್ತದೆ. ಹಳತಾದಂತೆ ಗುಣ ಹೆಚ್ಚುವುದು ಆಸವಗಳಂತಹ ಕೆಲವಕ್ಕೆ ಮಾತ್ರ. ಆ ಅಪವಾದವನ್ನು ಪ್ರತಿಜೀವಕಕ್ಕೆ ಅನ್ವಯಿಸಲು ಆಧಾರವಿಲ್ಲ.

ಸಮಾಜದಲ್ಲಿ ಮೂರು ಸಂದರ್ಭಗಳಲ್ಲಿ ಈ ಎಚ್ಚರ ಬೇಕು. ಮೊದಲನೆಯದು, ಸಂಗ್ರಹ ಪೆಟ್ಟಿಗೆ. ಮನೆಮನೆಯ ಉಳಿದ ಔಷಧ ಒಟ್ಟುಗೂಡಿಸಿ ಬಡವರಿಗೆ ಹಂಚುವ ಉತ್ಸಾಹ ಒಳ್ಳೆಯದೇ. ಆದರೆ ಅದನ್ನು ಯಾವ ಮನೆಯಲ್ಲಿ, ಯಾವ ಬಿಸಿಲಿನಲ್ಲಿ, ಯಾವ ತೇವದಲ್ಲಿ ಇಟ್ಟಿದ್ದರೆಂದು ಯಾರಿಗೂ ಗೊತ್ತಿರುವುದಿಲ್ಲ. ಅವಧಿ ಮೀರಿದ ಔಷಧವನ್ನು ಅಂಗಡಿಯವನು ಮಾರುವುದೂ ಮಾರಾಟಕ್ಕೆ ಇಡುವುದೂ ಕಾನೂನಿನಂತೆ ನಿಷಿದ್ಧ. ಹಣ ಕೊಟ್ಟು ಕೊಳ್ಳುವವನಿಗೆ ಸಿಗುವ ರಕ್ಷಣೆ ಕೈಯೊಡ್ಡಿ ಪಡೆಯುವವನಿಗೆ ಸಿಗಬಾರದೇ? ತಾನು ಸೇವಿಸಲು ಹಿಂಜರಿಯುವುದನ್ನು ಬಡವನಿಗೆ ಕೊಡುವುದು ದಾನವಲ್ಲ, ಕಸ ವಿಲೇವಾರಿ. ಔಷಧದಾನ ಮಾಡುವ ಮನಸ್ಸಿದ್ದರೆ ಆಸ್ಪತ್ರೆಯಲ್ಲಿರುವ ಬಡ ರೋಗಿಯ ಚೀಟಿ ಪಡೆದು ಅಂಗಡಿಯಲ್ಲಿ ಅದರ ಹಣ ತುಂಬುವುದು ಶ್ರೇಷ್ಠ ಮಾರ್ಗ.

ಎರಡನೆಯದು, ವಿಹಾರದಲ್ಲಿರುವ ಮುನಿಗಳು ಮತ್ತು ಆರ್ಯಿಕೆಯರು. ದಿನಕ್ಕೊಮ್ಮೆ ಆಹಾರ, ನೂರಾರು ಮೈಲಿ ಬರಿಗಾಲ ನಡಿಗೆ. ಕಾಲಿನ ಗಾಯ, ಜ್ವರ ಬಂದಾಗ ಭಕ್ತರು ಕೈಗೆ ಸಿಕ್ಕಿದ ಮಾತ್ರೆಯನ್ನು ಭಕ್ತಿಯಿಂದ ಕೊಡುತ್ತಾರೆ. ಭಕ್ತಿ ದಿನಾಂಕವನ್ನು ಅಳಿಸುವುದಿಲ್ಲ. ಅವರ ಚರ್ಯೆಗೆ ಹೊಂದುವ ಚಿಕಿತ್ಸೆಯನ್ನು ಅರ್ಹ ವೈದ್ಯರೇ ನಿರ್ಧರಿಸಬೇಕು. ವೈಯಾವೃತ್ತ್ಯವೆಂದರೆ ಆ ವೈದ್ಯರನ್ನು ಕರೆತರುವುದು.

ಮೂರನೆಯದು, ಊರಿಗೆ ಒಯ್ಯುವ ಪೊಟ್ಟಣ. ಥಾಣೆ ಅಥವಾ ಪನವೇಲದಲ್ಲಿ ಮತ್ಸ್ಯಗಂಧ ಹತ್ತುವವರ ಚೀಲದಲ್ಲಿ ಅಜ್ಜಿಗೆ, ದೊಡ್ಡಪ್ಪನಿಗೆ ಎಂದು ‘ಮುಂಬಯಿಯ ಮದ್ದು’ ಇರುತ್ತದೆ. ವಯಸ್ಸಾದವರ ಮೂತ್ರಪಿಂಡದ ಸ್ಥಿತಿ, ಅವರು ಈಗಾಗಲೇ ಸೇವಿಸುವ ಔಷಧ, ಪೆನಿಸಿಲಿನ್ ಅಲರ್ಜಿ ಇವಾವುದನ್ನೂ ಆ ಪೊಟ್ಟಣ ಅರಿಯದು.

ಸರ್ಕಾರದ ಹೊಣೆ

ಎಲ್ಲವನ್ನೂ ಮನೆಯವರ ಮೇಲೆ ಹೊರಿಸಿ ಸರ್ಕಾರವನ್ನು ಬಿಡುವುದು ನ್ಯಾಯವಲ್ಲ. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್ ಸೇರಿದಂತೆ 46 ಔಷಧಗಳನ್ನು ‘ಎಚ್-1’ ಅನುಸೂಚಿಗೆ ಸೇರಿಸಿದ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅವುಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರು, ಔಷಧದ ಪ್ರಮಾಣ ಬರೆದಿಟ್ಟು ಆ ದಾಖಲೆಯನ್ನು ಮೂರು ವರ್ಷ ಕಾಯ್ದಿರಿಸಬೇಕು. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಕೆಂಪು ಗೆರೆಯಿರುವ ಔಷಧವನ್ನು ಚೀಟಿಯಿಲ್ಲದೆ ಕೊಳ್ಳಬಾರದೆಂಬ ಪ್ರಚಾರ ನಡೆಸಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಸ್ಟೇಷನ್ ರಸ್ತೆಯಲ್ಲಿ ಚೀಟಿ ಕೇಳದೆ ಸ್ಟ್ರಿಪ್ ಕತ್ತರಿಸಿ ಕೊಡುವ ಅಂಗಡಿ ಹುಡುಕಲು ಯಾರಿಗೂ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕತ್ತರಿಸಿದ ತುಂಡಿನಲ್ಲಿ ಹಲವು ವೇಳೆ ದಿನಾಂಕವೇ ಉಳಿಯುವುದಿಲ್ಲ; ಡಬ್ಬಿಯ ಅಪಾಯ ಅಂಗಡಿಯ ಕತ್ತರಿಯಿಂದಲೇ ಆರಂಭವಾಗುತ್ತದೆ.

ವಿಲೇವಾರಿಯ ಪ್ರಶ್ನೆಯೂ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅವಧಿ ಮೀರಿದ ಔಷಧವನ್ನು ‘ಮನೆಯ ಅಪಾಯಕಾರಿ ತ್ಯಾಜ್ಯ’ವೆಂದು ಹೆಸರಿಸಿ, 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ತೆರೆಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದವು. ಆ ಲೆಕ್ಕದಲ್ಲಿ ಥಾಣೆ, ಕಲ್ಯಾಣ-ಡೊಂಬಿವಲಿ, ನವಿಮುಂಬಯಿ ಮಹಾನಗರಪಾಲಿಕೆಗಳಲ್ಲಿ ತಲಾ ಹಲವು ಕೇಂದ್ರಗಳಿರಬೇಕು. ಅವು ಎಲ್ಲಿವೆ, ಯಾವ ದಿನ ತೆರೆದಿರುತ್ತವೆ ಎಂದು ಮತ ಕೇಳಲು ಬರುವ ನಗರಸೇವಕರನ್ನು ಪ್ರಶ್ನಿಸಬೇಕು. ಕಲ್ಯಾಣದ ಅಧಾರವಾಡಿಯ, ಥಾಣೆಯ ದಿವಾದ ಕಸದ ಗುಡ್ಡಗಳ ಹೊಗೆ ಕುಡಿದವರಿಗೆ ಬೆರೆಸಿ ಎಸೆದ ಕಸ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕೇರಳ ಸರ್ಕಾರ 2024ರಲ್ಲಿ ಚೀಟಿಯಿಲ್ಲದ ಪ್ರತಿಜೀವಕ ಮಾರಾಟವನ್ನು ಪತ್ತೆಹಚ್ಚಲು ‘ಆಪರೇಷನ್ ಅಮೃತ್’ ಕೈಗೊಂಡಿತು. 2025ರಲ್ಲಿ ಮನೆಗಳಿಂದ ಬೇಡದ ಔಷಧ ಸಂಗ್ರಹಿಸುವ ಯೋಜನೆಯನ್ನು ಕೋಳಿಕ್ಕೋಡಿನಲ್ಲಿ ಆರಂಭಿಸಿತು. ನೆರೆಯ ರಾಜ್ಯಕ್ಕೆ ಸಾಧ್ಯವಾದುದು ಶ್ರೀಮಂತ ಮಹಾರಾಷ್ಟ್ರಕ್ಕೂ, ಕರ್ನಾಟಕಕ್ಕೂ ಅಸಾಧ್ಯವಲ್ಲ.

ಮೂರು ಸಮಿತಿಗಳು

ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಮೂರನ್ನು ಗೃಹಸ್ಥರು ಔಷಧದ ಮಟ್ಟಿಗೆ ಪಾಲಿಸಿದರೆ ಸಾಕು.

ಏಷಣಾ ಸಮಿತಿ: ಸ್ವೀಕರಿಸುವುದನ್ನು ಪರೀಕ್ಷಿಸಿ ಸ್ವೀಕರಿಸುವುದು. ವೈದ್ಯರ ಚೀಟಿಯಿಲ್ಲದೆ ಪ್ರತಿಜೀವಕ ಬೇಡ. ಚೀಟಿಯಲ್ಲಿರುವಷ್ಟನ್ನೇ, ದಿನಾಂಕ ಕಾಣುವಂತೆ, ಬಿಲ್ಲಿನೊಡನೆ ಕೊಳ್ಳಬೇಕು. ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ ಸೇವಿಸಬೇಕು. ನಡುವೆ ನಿಲ್ಲಿಸಬೇಕಾದರೆ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಆದಾನ-ನಿಕ್ಷೇಪಣ ಸಮಿತಿ: ಎತ್ತುವಾಗ, ಇಡುವಾಗ ಎಚ್ಚರ. ಒಲೆಯ ಬಳಿ, ಸ್ನಾನದ ಮನೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಔಷಧ ಇಡಬಾರದು. ಮೂಲ ಪೊಟ್ಟಣದಿಂದ ಬೇರ್ಪಡಿಸಬಾರದು. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಯ ಸ್ವಚ್ಛತೆಯಲ್ಲಿ ಇನ್ನೊಮ್ಮೆ ಡಬ್ಬಿ ತೆರೆದು ದಿನಾಂಕ ಓದಬೇಕು. ಉಳಿದ ಪ್ರತಿಜೀವಕವನ್ನು, ಅವಧಿ ಇದ್ದರೂ, ಮುಂದಿನ ರೋಗಕ್ಕೆ ಇಡಬಾರದು.

ಪ್ರತಿಷ್ಠಾಪನಾ ಸಮಿತಿ: ವಿಸರ್ಜಿಸುವಾಗ ಜೀವಿಗಳಿಗೆ ಬಾಧೆಯಾಗದಂತೆ ವಿಸರ್ಜಿಸುವುದು. ಪ್ರತಿಜೀವಕವನ್ನು ಶೌಚಾಲಯಕ್ಕೋ ಮೋರಿಗೋ ಸುರಿಯಬಾರದು. ಅದು ಖಾಡಿ ಸೇರಿ ಅಲ್ಲಿಯ ರೋಗಾಣುಗಳಿಗೂ ಔಷಧವನ್ನು ಎದುರಿಸುವುದನ್ನು ಕಲಿಸುತ್ತದೆ. ಸ್ಟ್ರಿಪ್ಪುಗಳನ್ನು ಮರುಮಾರಾಟಕ್ಕೆ ಬಾರದಂತೆ ಕತ್ತರಿಸಿ, ಬೇರೆ ಚೀಲದಲ್ಲಿ ಕಟ್ಟಿ, ‘ಅವಧಿ ಮೀರಿದ ಔಷಧ’ ಎಂದು ಬರೆದು ಅಪಾಯಕಾರಿ ತ್ಯಾಜ್ಯವಾಗಿ ಪ್ರತ್ಯೇಕ ಕೊಡಬೇಕು. ವಸತಿ ಸಂಕೀರ್ಣದ ಸೊಸೈಟಿಯವರು ಒಟ್ಟಾಗಿ ಪಾಲಿಕೆಗೆ ಬರೆದರೆ ಸಂಗ್ರಹದ ಏರ್ಪಾಡು ಕೇಳುವುದು ಸುಲಭ.

ಈಗಾಗಲೇ ತಿಳಿಯದೆ ಅಂಥ ಮಾತ್ರೆ ನುಂಗಿದವರು ಗಾಬರಿಪಡಬೇಕಾಗಿಲ್ಲ, ಮುಚ್ಚಿಡಲೂಬಾರದು. ಸ್ಟ್ರಿಪ್ಪನ್ನು ಹಿಡಿದು ವೈದ್ಯರ ಬಳಿಗೆ ಹೋಗಿ ಯಾವಾಗ, ಎಷ್ಟು ಸೇವಿಸಿದರೆಂದು ಹೇಳಬೇಕು. ಮೈಮೇಲೆ ದದ್ದು, ಮುಖದ ಊತ, ಉಸಿರಾಟದ ತೊಂದರೆ, ಬಿಡದ ವಾಂತಿ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಒಂದು ಆಕ್ಷೇಪ. ರೋಗಾಣುವೂ ಜೀವವೇ, ಅದನ್ನು ಕೊಲ್ಲುವ ಔಷಧದ ಬಗ್ಗೆ ಜೈನರಿಗೇಕೆ ಇಷ್ಟು ಆಸ್ಥೆ ಎಂದು ಕೇಳುವವರಿದ್ದಾರೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಬೇಕು; ಬದುಕಿಗೆ ಅನಿವಾರ್ಯವಾದುದರಲ್ಲಿ ಯತ್ನಾಚಾರ, ಅಂದರೆ ಎಚ್ಚರ, ಇರಬೇಕೆಂದು ಶ್ರಾವಕಾಚಾರ ಹೇಳುತ್ತದೆ. ಪ್ರಮಾದದಿಂದ ಆಗುವುದೇ ಹಿಂಸೆ ಎಂಬುದು ಜೈನರ ಮೂಲಮಾತು. ಅಗತ್ಯವಿದ್ದಾಗ, ಸರಿಯಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಸೇವಿಸುವುದು ಯತ್ನಾಚಾರ. ಡಬ್ಬಿಗೆ ಕೈಹಾಕಿ ಸಿಕ್ಕಿದ್ದನ್ನು ನುಂಗುವುದು ಪ್ರಮಾದ. ಅದರ ಫಲವನ್ನು ಮುಂದೊಂದು ದಿನ ಔಷಧ ನಾಟದ ಯಾವುದೋ ಮಗು ಉಣ್ಣಬೇಕಾಗುತ್ತದೆ.

ಹಿಟ್ಟಿನ ಮರ್ಯಾದೆ ಕಾಯ್ದ ಮನೆಗಳಿಗೆ ಮಾತ್ರೆಯ ಮರ್ಯಾದೆ ಕಾಯುವುದು ಹೊಸ ವಿದ್ಯೆಯೇನಲ್ಲ. ಸಭಿಕರೆಲ್ಲರೂ ಇಂದು ಮನೆಗೆ ಮರಳಿದೊಡನೆ ಆ ಡಬ್ಬಿಯನ್ನು ಕೆಳಗಿಳಿಸಿ ಒಂದೊಂದೇ ದಿನಾಂಕ ಓದಬೇಕೆಂದು ಸವಿನಯ ವಿನಂತಿ.

ಜೈ ಜಿನೇಂದ್ರ.